ಹತ್ತು ಮಳೆಗಾಲ ಬಾಳುವ ಬಟ್ಟೆ: ಕೊಳ್ಳುವುದರಿಂದ ರಫುವಿನವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಗೌರಿ ಹಬ್ಬದ ಹಿಂದಿನ ದಿನ ಚಿಕ್ಕಮಗಳೂರಿನ ನಮ್ಮ ಮನೆಯ ಬೀರು ತೆಗೆದಾಗ, ಮೂರೇ ಬಾರಿ ಉಟ್ಟಿದ್ದ ನನ್ನ ಹತ್ತಿ ಸೀರೆಯ ಮಡಿಕೆಗಳ ಉದ್ದಕ್ಕೂ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಹರಡಿಕೊಂಡಿದ್ದವು. ನೂಲು ಒಳ್ಳೆಯದಿತ್ತು, ನೇಯ್ಗೆಯೂ ಒಳ್ಳೆಯದಿತ್ತು. ಪುನರ್ವಸು ಮಳೆ ಬಿಡದೆ ಸುರಿಯುತ್ತಿದ್ದ ವಾರದಲ್ಲಿ ಸೀರೆಗೆ ಗಂಜಿ ಹಾಕಿ, ಒಣಗಿದೆಯೆಂದು ನಂಬಿ, ಮಡಿಸಿ ಒಳಗಿಟ್ಟವಳು ನಾನೇ. ಅದೇ ಬೀರುವಿನ ಮೇಲಿನ ಅರೆಯಲ್ಲಿ ನಮ್ಮ ತಂದೆಯವರ ಕಂದು ಬಣ್ಣದ ಉಣ್ಣೆ ಕೋಟು, ಮೊಣಕೈಗೆ ತೇಪೆ ಹಾಕಿಸಿಕೊಂಡು, ಮೂವತ್ತಕ್ಕೂ ಹೆಚ್ಚು ಮಳೆಗಾಲಗಳನ್ನು ಕಂಡು, ಯಾವ ದೋಷವೂ ಇಲ್ಲದೆ ತೂಗುತ್ತಿತ್ತು. ಈ ಎರಡರ ನಡುವಿನ ಅಂತರ ಎಲ್ಲಿಂದ ಬಂತೆಂದು ಹುಡುಕುತ್ತಾ, ದರ್ಜಿಗಳನ್ನು ಕೇಳುತ್ತಾ, ನನ್ನ ತಪ್ಪುಗಳನ್ನೇ ತಿದ್ದಿಕೊಳ್ಳುತ್ತಾ ಕಲಿತದ್ದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ದೀರ್ಘಕಾಲ ಬಾಳಿದ ಬಟ್ಟೆಗಳೆಲ್ಲವೂ ಬಿಚ್ಚಿ ಮತ್ತೆ ಹೊಲಿಯಲು ಬರುವಂಥವು. ಬಟ್ಟೆಯನ್ನು ಆರಿಸುವಾಗ, ಹೊಲಿಸುವಾಗ, ಒಗೆಯುವಾಗ ನಾವು ಮಾಡುವ ಎಲ್ಲವೂ ಆ ಒಂದು ಗುಣವನ್ನು ಉಳಿಸುತ್ತದೆ ಅಥವಾ ಕೆಡಿಸುತ್ತದೆ.

ಮೊದಲನೆಯ ಹಂತ: ಇರುವುದನ್ನು ಹರವಿ ನೋಡುವುದು

ಹೊಸದನ್ನು ಕೊಳ್ಳುವ ಮೊದಲು, ನೀವು ತೊಡುವುದನ್ನು ನಿಲ್ಲಿಸಿರುವ ಬಟ್ಟೆಗಳನ್ನೆಲ್ಲ ಚಾಪೆಯ ಮೇಲೆ ಹರವಿ, ಪ್ರತಿಯೊಂದೂ ಯಾವ ಜಾಗದಲ್ಲಿ ಸೋತಿದೆಯೆಂದು ನೋಡಿ. ಅಂಗಿಯಾದರೆ ಸಾಮಾನ್ಯವಾಗಿ ಕಾಲರಿನ ಮಡಿಕೆ, ಪ್ಯಾಂಟಾದರೆ ತೊಡೆಯ ಸಂದು ಮತ್ತು ಕೆಳಗಿನ ಅಂಚು, ರವಿಕೆಯಾದರೆ ಕಂಕುಳು, ಸೀರೆಯಾದರೆ ಪಾದಕ್ಕೆ ಉಜ್ಜುವ ಭಾಗ. ಹೊಲಿಗೆ ಬಿಟ್ಟು ಬಟ್ಟೆ ಗಟ್ಟಿಯಾಗಿದ್ದರೆ ಅದು ಹತ್ತು ನಿಮಿಷದ ದುರಸ್ತಿ. ಹೊಲಿಗೆ ಗಟ್ಟಿಯಾಗಿದ್ದು ಅದರ ಪಕ್ಕದ ಬಟ್ಟೆಯೇ ಪಿಸಿದಿದ್ದರೆ ಅಳತೆ ಬಿಗಿಯಾಗಿತ್ತು ಅಥವಾ ನೇಯ್ಗೆ ಸಡಿಲವಾಗಿತ್ತು ಎಂದರ್ಥ. ಇಡೀ ಬಟ್ಟೆ ತೆಳುವಾಗಿ ಕೈಯಲ್ಲಿ ಹರಿಯುವಂತಿದ್ದರೆ ಬ್ಲೀಚಿನ ಮೇಲೆ ಅನುಮಾನ ಪಡಬಹುದು. ಹೀಗೆ ನೋಡಿದಾಗ, ಎಸೆಯಬೇಕೆಂದು ಎತ್ತಿಟ್ಟದ್ದರಲ್ಲಿ ಎಷ್ಟೋ ಬಟ್ಟೆ ಮತ್ತೆ ಬಳಕೆಗೆ ಬರುತ್ತದೆ.

ಬೆಲೆಯ ಲೆಕ್ಕವನ್ನೂ ಇಲ್ಲಿಯೇ ಮಾಡಿಕೊಳ್ಳುವುದು ಒಳ್ಳೆಯದು. ಉದಾಹರಣೆಗೆ, 600 ರೂಪಾಯಿಯ ಅಂಗಿಯೊಂದು 30 ಸಲ ತೊಟ್ಟ ಮೇಲೆ ಕೈಬಿಟ್ಟರೆ ಒಂದು ಸಲಕ್ಕೆ 20 ರೂಪಾಯಿ ಬಿತ್ತು. 1500 ರೂಪಾಯಿಯದು 200 ಸಲ ಬಂದರೆ, ನಡುವೆ ದುರಸ್ತಿಗೆ 100 ರೂಪಾಯಿ ಕೊಟ್ಟರೂ, ಒಂದು ಸಲಕ್ಕೆ ಬಿದ್ದದ್ದು 8 ರೂಪಾಯಿ. ಆದರೆ ಬೆಲೆ ಹೆಚ್ಚಿದ್ದ ಮಾತ್ರಕ್ಕೆ ಬಾಳಿಕೆ ಹೆಚ್ಚುವುದಿಲ್ಲ. ಹೆಸರಿಗೆ, ಜಾಹೀರಾತಿಗೆ ಕೊಟ್ಟ ಹಣ ನೂಲಿನಲ್ಲಿ ಇರುವುದಿಲ್ಲವಾದ್ದರಿಂದ ಬಟ್ಟೆಯನ್ನೇ ಓದಲು ಕಲಿಯಬೇಕು.

ಎರಡನೆಯ ಹಂತ: ನಾರನ್ನು ಗುರುತಿಸುವುದು

ನಮ್ಮ ಜಿಲ್ಲೆಯಲ್ಲಿ ಎರಡು ಹವೆಗಳಿವೆ. ಶೃಂಗೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಕಡೂರಿನಲ್ಲಿ 1000ವನ್ನೂ ಮುಟ್ಟುವುದಿಲ್ಲ. ಕಡೂರಿನವರಿಗೆ ಬಿಸಿಲಿನಲ್ಲಿ ಬಣ್ಣ ಮಾಸುವುದು ಚಿಂತೆಯಾದರೆ ಶೃಂಗೇರಿ, ಕೊಪ್ಪ, ಮೂಡಿಗೆರೆಯವರಿಗೆ ತೇವವೇ ಚಿಂತೆ. ಹಾಗಾಗಿ ನೀರಿಗೆ ಬಿದ್ದಾಗ ಯಾವ ನಾರು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನಾವು ತಿಳಿದಿರಲೇಬೇಕು.

ಹತ್ತಿಯ ನಾರು ಒದ್ದೆಯಾದಾಗ ಒಣಗಿದ್ದಾಗಿಗಿಂತ ಬಲವಾಗುತ್ತದೆ. ಪದೇಪದೇ ಒಗೆದರೂ ಹತ್ತಿ ತಡೆದುಕೊಳ್ಳಲು ಇದೇ ಮುಖ್ಯ ಕಾರಣ. ಇದಕ್ಕೆ ವಿರುದ್ಧವಾಗಿ ವಿಸ್ಕೋಸ್ ಅಥವಾ ರೇಯಾನ್ ಒದ್ದೆಯಾದಾಗ ತನ್ನ ಬಲದ ಸುಮಾರು ಅರ್ಧವನ್ನು ಕಳೆದುಕೊಳ್ಳುತ್ತದೆ. ಅಂಗಡಿಯಲ್ಲಿ ರೇಷ್ಮೆಯಂತೆ ಜಾರುವ ರೇಯಾನ್ ಕುರ್ತಾ ಹಿಂಡುವಾಗಲೇ ಪಿಸಿಯುವುದು ಇದರಿಂದ. ಪಾಲಿಯೆಸ್ಟರ್ ನೀರನ್ನು ಹೀರುವುದೇ ಇಲ್ಲವೆನ್ನಬಹುದು. ಬೇಗ ಒಣಗುತ್ತದೆ, ಸುಲಭವಾಗಿ ಹರಿಯುವುದಿಲ್ಲ, ಆದರೆ ಬೆವರಿನ ಎಣ್ಣೆಯ ಅಂಶವನ್ನು ಹಿಡಿದುಕೊಂಡು ವಾಸನೆ ಬಿಡುವುದಿಲ್ಲ, ಪ್ರತಿ ಒಗೆತದಲ್ಲೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳನ್ನು ನೀರಿಗೆ ಬಿಡುತ್ತದೆ. ಮಳೆ ಅಂಗಿಗೆ ಅದು ಸರಿಯಾದ ವಸ್ತು, ಮೈಗೆ ತಾಗುವ ಬಟ್ಟೆಗೆ ಅಲ್ಲ ಎಂಬುದು ನನ್ನ ಅಭಿಪ್ರಾಯ. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ಟೆರಿಕಾಟ್ ಶಾಲೆಯ ಸಮವಸ್ತ್ರಕ್ಕೆ ಒಗ್ಗುತ್ತದೆ, ಆದರೆ ಹಳತಾದಾಗ ಅದರ ಮೇಲೆ ಏಳುವ ಸಣ್ಣ ಉಂಡೆಗಳು ಉದುರುವುದಿಲ್ಲ. ಗಟ್ಟಿ ಪಾಲಿಯೆಸ್ಟರ್ ಎಳೆಗಳು ಅವನ್ನು ಹಿಡಿದುಕೊಂಡಿರುತ್ತವೆ.

ಹತ್ತಿ ಸಹಜವಾದದ್ದು ಎಂದ ಮಾತ್ರಕ್ಕೆ ಅದಕ್ಕೆ ಭೂಮಿಯ ವೆಚ್ಚವಿಲ್ಲವೆಂದಲ್ಲ. ಒಂದು ಕಿಲೋ ಹತ್ತಿ ಬಟ್ಟೆಯ ಹಿಂದೆ, ಜಾಗತಿಕ ಸರಾಸರಿಯಲ್ಲಿ, ಸುಮಾರು 10,000 ಲೀಟರ್ ನೀರಿದೆ. ಐದಾರು ಅಂಗಿ ತೂಗಿದರೆ ಒಂದು ಕಿಲೋ ಆಗುತ್ತದೆ. ಅಷ್ಟು ನೀರು ಕುಡಿದು ಬಂದ ಬಟ್ಟೆಯನ್ನು ಒಂದೇ ವರ್ಷದಲ್ಲಿ ಮೂಲೆಗೆ ಹಾಕುವುದು ನನಗೆ ನಿಜಕ್ಕೂ ಸಂಕಟದ ಸಂಗತಿ.

ಚೀಟಿಯನ್ನು ಓದಿದ ಮೇಲೂ ಅನುಮಾನವಿದ್ದರೆ ಮನೆಗೆ ಬಂದು ಒಳಮಡಿಕೆಯಿಂದ ಎರಡು ಎಳೆ ನೂಲು ತೆಗೆದು, ಚಿಮಟದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಮೃದುವಾದ ಬೂದಿಯಾಗುತ್ತದೆ. ಉಣ್ಣೆ ಮತ್ತು ರೇಷ್ಮೆ ಕೂದಲು ಸುಟ್ಟ ವಾಸನೆ ಬಿಟ್ಟು, ಬೆರಳಲ್ಲಿ ಪುಡಿಯಾಗುವ ಕರಿಯಾಗುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆ ಮಣಿ ತಣ್ಣಗಾಗುವವರೆಗೆ ಮುಟ್ಟಬೇಡಿ. ಅಪ್ಪಟ ಹತ್ತಿಯೆಂದು ಹೇಳಿ ನನಗೆ ಮಾರಿದ ಅಂಗಿಯೊಂದರ ನೂಲು ಹೀಗೆ ಮಣಿಯಾದ ದಿನದಿಂದ ನಾನು ಬಾಯಿಮಾತನ್ನು ನಂಬುವುದನ್ನು ಬಿಟ್ಟಿದ್ದೇನೆ. ಕೈಮಗ್ಗದ ಬಟ್ಟೆಗೆ 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್, ರೇಷ್ಮೆಗೆ 2004ರಲ್ಲಿ ಬಂದ ಸಿಲ್ಕ್ ಮಾರ್ಕ್, ಉಣ್ಣೆಗೆ ವುಲ್‌ಮಾರ್ಕ್, ಖಾದಿಗೆ ಖಾದಿ ಮಾರ್ಕ್ ಇವೆ. ಅವು ನಾರು ಅಥವಾ ನೇಯ್ಗೆ ಅಸಲಿ ಎನ್ನುವುದಕ್ಕೆ ಸಾಕ್ಷಿ, ಹೊಲಿಗೆಗೆ ಅಲ್ಲ.

ಮೂರನೆಯ ಹಂತ: ಅಂಗಡಿಯಲ್ಲಿ ಕೈ ಮತ್ತು ಕಣ್ಣು

ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಹಾಸು ಮತ್ತು ಹೊಕ್ಕಿನ ಎಳೆಗಳು, ಅಂದರೆ ಉದ್ದ ಮತ್ತು ಅಡ್ಡ ನೂಲುಗಳು, ಎಲ್ಲ ಕಡೆ ಒಂದೇ ಸಮನಾಗಿ ಕೂಡಿರಬೇಕು. ಕೈಮಗ್ಗದ ಬಟ್ಟೆಯಲ್ಲಿ ಅಲ್ಲಲ್ಲಿ ದಪ್ಪ ನೂಲು ಕಾಣುವುದು ದೋಷವಲ್ಲ, ಆದರೆ ಕಿಂಡಿಗಳು ಕಂಡರೆ ಬೇಡ. ಎರಡು ಹೆಬ್ಬೆರಳುಗಳಿಂದ ಒಂದಿಂಚಿನಷ್ಟು ಜಾಗವನ್ನು ಎರಡೂ ಕಡೆಗೆ ಒತ್ತಿ ಎಳೆದಾಗ ಎಳೆಗಳು ಸರಿದು ಗೆರೆ ಮೂಡಿದರೆ, ಆ ಬಟ್ಟೆ ನಾಳೆ ಹೊಲಿಗೆಯ ಪಕ್ಕದಲ್ಲಿ ಪಿಸಿಯುತ್ತದೆ. ಒಂದು ಮೂಲೆಯನ್ನು ಉಗುರಿನಿಂದ ಜೋರಾಗಿ ಉಜ್ಜಿದಾಗ ಬಿಳಿ ಪುಡಿ ಬಂದರೆ, ಕೈಗೆ ಸಿಗುವ ದಪ್ಪ ಗಂಜಿಯದು, ನೂಲಿನದಲ್ಲ.

ನಂತರ ಉಡುಪನ್ನು ಒಳಮಗ್ಗುಲಿಗೆ ತಿರುಗಿಸಿ. ನಾನು ಹೆಚ್ಚು ಹೊತ್ತು ಕಳೆಯುವುದು ಇಲ್ಲಿಯೇ. ಒಂದು ಇಂಚಿನಲ್ಲಿ ಎಷ್ಟು ಹೊಲಿಗೆ ಇವೆಯೆಂದು ಎಣಿಸಿ: ಅಂಗಿಗೆ 12ರ ಆಸುಪಾಸು ಇದ್ದರೆ ಒಳ್ಳೆಯದು, 8ಕ್ಕೆ ಇಳಿದಿದ್ದರೆ ಆತುರದ ಕೆಲಸ. ಪಕ್ಕದ ಹೊಲಿಗೆಯಲ್ಲಿ ಬಟ್ಟೆಯ ಕಚ್ಚಾ ತುದಿ ಒಳಗೆ ಮಡಿಚಿಕೊಂಡು ಎರಡು ಸಾಲು ಹೊಲಿಗೆ ಬಿದ್ದಿದ್ದರೆ ಅದು ಬಹುಕಾಲ ನಿಲ್ಲುತ್ತದೆ. ಬರೀ ಓವರ್‌ಲಾಕ್ ಹೊಡೆದು, ಪಕ್ಕದಲ್ಲಿ ಕಾಲಿಂಚೂ ಬಟ್ಟೆ ಉಳಿಸದೆ ಕತ್ತರಿಸಿದ್ದರೆ, ಮೈ ಸ್ವಲ್ಪ ಬಂದಾಗ ಬಿಡಿಸಿ ಅಗಲ ಮಾಡುವ ದಾರಿ ಮುಚ್ಚಿತು. ಗುಂಡಿಯನ್ನು ಸ್ವಲ್ಪ ಎಳೆದು ನೋಡಿ, ಕಾಜಾದ ದಾರ ಎದ್ದಿದೆಯೇ ಗಮನಿಸಿ, ಜೇಬಿನ ಮೂಲೆಗಳಲ್ಲಿ ಗಟ್ಟಿ ಅಡ್ಡ ಹೊಲಿಗೆ ಇದೆಯೇ ನೋಡಿ. ಜಿಪ್ ಲೋಹದ್ದಾದರೆ ಹತ್ತು ಬಾರಿ ಎಳೆದು ಹಾಕಿ.

ನಾಲ್ಕನೆಯ ಹಂತ: ಬಟ್ಟೆ ತೆಗೆದು ಹೊಲಿಸುವುದು

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಕೈಕೆಲಸ ಬಲ್ಲ ದರ್ಜಿಗಳು ಇನ್ನೂ ಇದ್ದಾರೆ, ಅದು ನಮ್ಮ ಭಾಗ್ಯ. ಹತ್ತಿ ಬಟ್ಟೆ ತಂದ ಕೂಡಲೇ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ, ಹಿಂಡದೆ ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಕೊಡಿ. ಕುಗ್ಗದಂತೆ ಸಂಸ್ಕರಿಸದ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದು ಸಾಮಾನ್ಯ. ಹೊಲಿಸಿದ ಮೇಲೆ ಕುಗ್ಗಿದರೆ ಮೊದಲು ಬಲಿಯಾಗುವುದು ಕಂಕುಳಿನ ಹೊಲಿಗೆ. ಲೈನಿಂಗ್ ಬಟ್ಟೆಯನ್ನೂ ಹೀಗೆಯೇ ನೆನೆಸಬೇಕು. ಹೊರಬಟ್ಟೆ ನಿಂತು ಲೈನಿಂಗ್ ಕುಗ್ಗಿ ಸುಕ್ಕಾದ ರವಿಕೆಗಳನ್ನು ನಾನು ಎಷ್ಟೋ ನೋಡಿದ್ದೇನೆ.

ದರ್ಜಿಗೆ ಮೂರು ಮಾತು ಹೇಳಿ. ಪಕ್ಕದ ಹೊಲಿಗೆಯಲ್ಲಿ ಒಂದು ಇಂಚು ಮಾರ್ಜಿನ್ ಬಿಡಬೇಕು. ಉಳಿದ ತುಂಡನ್ನು ಎಸೆಯದೆ ವಾಪಸ್ ಕೊಡಬೇಕು. ತೇಪೆಗೆ ಇದಕ್ಕಿಂತ ಒಳ್ಳೆಯ ಬಟ್ಟೆ ಎಲ್ಲಿಯೂ ಸಿಗದು. ಅಂಗಿಯ ಕಾಲರಿನ ಮೇಲ್ಪದರ, ಕೆಳಪದರ ಎರಡನ್ನೂ ಅದೇ ಬಟ್ಟೆಯಲ್ಲಿ ಹೊಲಿಯಬೇಕು. ಈ ಕೊನೆಯದರ ಉಪಯೋಗ ಮುಂದೆ ತಿಳಿಯುತ್ತದೆ. ಬೆಳೆಯುವ ಮಕ್ಕಳ ಲಂಗ, ಪ್ಯಾಂಟುಗಳಿಗೆ ಕೆಳಗೆ ಎರಡು ಮೂರು ಇಂಚಿನ ಮಡಿಕೆ ಇಡಿಸಿದರೆ ಜೂನಿನಲ್ಲಿ ಶಾಲೆ ತೆರೆದಾಗ ಹೊಸದು ಬೇಕಾಗುವುದಿಲ್ಲ.

ಐದನೆಯ ಹಂತ: ಒಗೆಯುವುದು

ಕಡಿಮೆ ಒಗೆದಷ್ಟೂ ಬಟ್ಟೆ ಹೆಚ್ಚು ಬಾಳುತ್ತದೆ. ಒಳಉಡುಪು, ಬೆವರು ಹಿಡಿದ ಅಂಗಿ ಪ್ರತಿದಿನ ಒಗೆಯಬೇಕು. ಸ್ವೆಟರ್, ಕೋಟು, ಜೀನ್ಸ್‌ಗಳನ್ನು ಗಾಳಿಗೆ ಹಾಕಿದರೆ ಸಾಕು. ಒಗೆಯುವ ಕಲ್ಲಿಗೆ ಕುಕ್ಕುವುದನ್ನು ಬಿಟ್ಟು ಹಿಸುಕಿ ಒಗೆಯಿರಿ. ಬಣ್ಣದ ಬಟ್ಟೆಯನ್ನು ಒಳಮಗ್ಗುಲಿಗೆ ತಿರುಗಿಸಿ ಒಗೆದು, ಒಣಗಿಸಿ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ನಮ್ಮಲ್ಲಿ ಹೇಳುವುದುಂಟು, ಆದರೆ ಬಣ್ಣ ಹಾಕುವಾಗಲೇ ಸರಿಯಾಗಿ ಕಚ್ಚದಿದ್ದರೆ ಆಮೇಲೆ ಉಪ್ಪು ಅದನ್ನು ಹಿಡಿದಿಡಲಾರದು. ಮೊದಲ ನಾಲ್ಕೈದು ಸಲ ಬೇರೆಯಾಗಿ ಒಗೆಯುವುದೇ ದಾರಿ. ರೇಷ್ಮೆ, ಉಣ್ಣೆಗಳು ಪ್ರೊಟೀನಿನಿಂದಾದವು. ಕಲೆ ತೆಗೆಯಲೆಂದು ಎಂಜೈಮ್ ಸೇರಿಸಿದ ಪುಡಿಗಳು ಅವನ್ನೇ ಸವೆಸುವುದರಿಂದ ಅಂಟುವಾಳದ ನೊರೆ ಅಥವಾ ಮೃದುವಾದ ದ್ರವ ಸಾಬೂನು ಬಳಸಿ. ನೀರಿನಲ್ಲಿ ಕಬ್ಬಿಣದ ಅಂಶವಿರುವ ಬಾವಿ, ಬೋರ್‌ವೆಲ್‌ಗಳಿದ್ದರೆ ಬಿಳಿ ಬಟ್ಟೆಗೆ ಕ್ಲೋರಿನ್ ಬ್ಲೀಚ್ ಹಾಕಬೇಡಿ, ತುಕ್ಕಿನ ಬಣ್ಣ ಏರುತ್ತದೆ.

ನಮ್ಮ ಕಡೆಯ ಕಲೆಗಳು ಬೇರೆಯೇ. ಹಲಸಿನ ಅಂಟನ್ನು ಕೊಬ್ಬರಿ ಎಣ್ಣೆ ಸವರಿ ಬಿಡಿಸಬಹುದು. ಬಾಳೆಯ ಕರೆ ಒಮ್ಮೆ ಒಣಗಿದರೆ ಹೋಗುವುದಿಲ್ಲ. ಅಡಿಕೆಯ ಚೊಗರಂತೂ ಎಷ್ಟು ಗಟ್ಟಿಯೆಂದರೆ, ನೆರೆಯ ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನ ಬಳಿಯ ಚರಕ ಮಹಿಳಾ ಸಹಕಾರಿ ಸಂಘವು ಕೈಮಗ್ಗದ ಬಟ್ಟೆಗೆ ಅದನ್ನೇ ಸಹಜ ಬಣ್ಣವಾಗಿ ಬಳಸುತ್ತದೆ. ಆದ್ದರಿಂದ ಅಡಿಕೆ ಬೇಯಿಸುವ, ಕಾಫಿ ಕೊಯ್ಯುವ ದಿನಗಳಿಗೆ ಬೇರೆ ಬಟ್ಟೆಯೇ ಇರಲಿ. ತೋಟದ ಹೆಂಗಸರು ಸೀರೆಯ ಮೇಲೆ ಹಳೆಯ ತುಂಬುತೋಳಿನ ಅಂಗಿ ತೊಡುವುದರಲ್ಲಿ ಈ ವಿವೇಕವೇ ಇದೆ.

ಆರನೆಯ ಹಂತ: ಮಳೆಗಾಲವನ್ನು ದಾಟಿಸುವುದು

ಮಲೆನಾಡಿನಲ್ಲಿ ಬಟ್ಟೆಯ ಆಯಸ್ಸು ನಿರ್ಧಾರವಾಗುವುದು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿ. ಬೂಷ್ಟಿಗೆ ಬೇಕಾದ್ದು ಮೂರು: ತೇವ, ನಿಂತ ಗಾಳಿ, ಆಹಾರ. ಮೂರನೆಯದನ್ನು ನಾವೇ ಒದಗಿಸುತ್ತೇವೆ. ಗಂಜಿ, ಬೆವರು, ಚೆಲ್ಲಿದ ಪಾಯಸದ ಸಕ್ಕರೆ, ಇವೆಲ್ಲವೂ ಅದರ ಊಟ. ಗಂಜಿಯಿದ್ದರೆ ಬೆಳ್ಳಿಮೀನು ಎಂಬ ಹುಳುವೂ ಬರುತ್ತದೆ. ಆದ್ದರಿಂದ ಮೃಗಶಿರಾ ಮಳೆ ಹಿಡಿಯುವ ಮೊದಲೇ, ಮೇ ತಿಂಗಳ ಬಿಸಿಲಿನಲ್ಲಿ, ಆ ನಾಲ್ಕು ತಿಂಗಳು ಬಳಸದ ಬಟ್ಟೆಗಳನ್ನೆಲ್ಲ ಗಂಜಿ ಹೋಗುವಂತೆ ಒಗೆದು, ಗರಿಗರಿ ಒಣಗಿಸಿ, ತಣ್ಣಗಾದ ಮೇಲೆ ಒಳಗಿಡಬೇಕು. ಬಿಸಿ ಇರುವಾಗಲೇ ಮಡಿಸಿ ಪೆಟ್ಟಿಗೆಗೆ ತುಂಬಿದರೆ ಒಳಗೆ ಬೆವರುತ್ತದೆ. ರೇಷ್ಮೆಗೆ ಮಾತ್ರ ನೆರಳಿನ ಗಾಳಿ ಸಾಕು.

ಮಳೆಯ ನಡುವೆ ಒಗೆದದ್ದನ್ನು ಒಣಗಿಸುವಾಗ ಬಟ್ಟೆಗಳ ನಡುವೆ ಗೇಣು ಜಾಗ ಬಿಟ್ಟು, ಫ್ಯಾನಿನ ಗಾಳಿ ಆಡುವಂತೆ ಹಾಕಿ. ಬಚ್ಚಲ ಒಲೆಯ ಮೇಲೆ ಒಣಹಾಕುವ ಮನೆಗಳಲ್ಲಿ ಹೊಗೆ ನೇರವಾಗಿ ತಾಗದಷ್ಟು ಎತ್ತರದಲ್ಲಿ, ಕಿಡಿ ಹಾರದಷ್ಟು ದೂರದಲ್ಲಿ ಹಗ್ಗ ಇರಲಿ. ಒಣಗಿದೆಯೇ ಎಂದು ನೋಡಲು ಬಟ್ಟೆಯ ಮಧ್ಯವನ್ನು ಮುಟ್ಟಿದರೆ ಮೋಸ ಹೋಗುತ್ತೀರಿ. ಸೊಂಟಪಟ್ಟಿ, ಜೇಬಿನ ಒಳಮೂಲೆ, ಕಾಲರು, ಸೀರೆಗೆ ಹೊಲಿದ ಫಾಲ್‌ನ ಒಳಭಾಗ, ಈ ದಪ್ಪ ಜಾಗಗಳನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆನಿಸಿದರೆ ಇನ್ನೂ ತೇವವಿದೆ. ಆ ಜಾಗಗಳಿಗೆ ಇಸ್ತ್ರಿ ಹಾಕಿ, ಅರ್ಧ ಗಂಟೆ ತೂಗುಹಾಕಿ, ಆಮೇಲೆ ಮಡಿಸಿ. ನನ್ನ ಸೀರೆಯಲ್ಲಿ ಚುಕ್ಕೆಗಳು ಮೊದಲು ಹುಟ್ಟಿದ್ದು ಫಾಲ್‌ನ ಉದ್ದಕ್ಕೆ.

ಬೀರುವನ್ನು ಮಳೆ ಹೊಡೆಯುವ ಹೊರಗೋಡೆಗೆ ತಾಗಿಸಿ ಇಡಬೇಡಿ. ನಾಲ್ಕು ಬೆರಳು ಗಾಳಿ ಇರಲಿ. ಅರೆಗಳಲ್ಲಿ ಬಟ್ಟೆ ತುರುಕದೆ ಕೈ ಆಡುವಷ್ಟು ಜಾಗ ಬಿಡಿ. ಮಳೆ ಬಿಟ್ಟು ಒಂದಿಷ್ಟು ಬಿಸಿಲು ಮೂಡಿದ ದಿನ ಬಾಗಿಲು ತೆರೆದಿಡಿ, ಜಡಿಮಳೆಯ ದಿನ ಮುಚ್ಚಿಡಿ. ಸಿಲಿಕಾ ಜೆಲ್ ಚೀಲಗಳು ಮುಚ್ಚಿದ ಡಬ್ಬಿ, ಪೆಟ್ಟಿಗೆಗಳಲ್ಲಿ ಕೆಲಸ ಮಾಡುತ್ತವೆ, ಸಂದುಗಳಿರುವ ದೊಡ್ಡ ಬೀರುವಿನಲ್ಲಿ ಅಷ್ಟಾಗಿ ಇಲ್ಲ. ರೇಷ್ಮೆ ಸೀರೆಗಳನ್ನು ಪ್ಲಾಸ್ಟಿಕ್ ಚೀಲದಿಂದ ಬಿಡಿಸಿ ಹಳೆಯ ಮೆತ್ತನೆಯ ಪಂಚೆಯಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿದ್ದರೆ ಜರಿ ಅಲ್ಲಿಯೇ ಮುರಿಯುತ್ತದೆ.

ಬೂಷ್ಟು ಹಿಡಿದೇ ಹೋದರೆ ಒದ್ದೆ ಮಾಡುವ ಮೊದಲು ಅಂಗಳಕ್ಕೆ ಒಯ್ದು, ಮೂಗು ಬಾಯಿ ಮುಚ್ಚಿಕೊಂಡು, ಬ್ರಷ್‌ನಿಂದ ಉದುರಿಸಿ, ಬಿಸಿಲಿಗೆ ಹಾಕಿ, ನಂತರ ಆ ಬಟ್ಟೆ ತಾಳುವಷ್ಟು ಬಿಸಿನೀರಿನಲ್ಲಿ ಒಗೆಯಿರಿ. ಬಿಳಿಯ ಹಾಗೂ ಹಸಿರುಮಿಶ್ರಿತ ಬೂಷ್ಟು ಹೋಗುತ್ತದೆ, ಮುಗ್ಗಲು ವಾಸನೆಯೂ ಹೋಗುತ್ತದೆ. ಕಪ್ಪು ಚುಕ್ಕೆ ನಾರಿನೊಳಗೆ ಕೂತ ಬಣ್ಣವಾದ್ದರಿಂದ ಬಹುಮಟ್ಟಿಗೆ ಉಳಿಯುತ್ತದೆ.

ಏಳನೆಯ ಹಂತ: ಉಣ್ಣೆ ಮತ್ತು ಕಂಬಳಿ

ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದ ಹಿರಿಯರು ತಿಳಿದೇ ಆ ವಸ್ತುವನ್ನು ಆರಿಸಿಕೊಂಡಿದ್ದರು. ಉಣ್ಣೆ ತನ್ನ ತೂಕದ ನೂರಕ್ಕೆ 30ರಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆಯೆನಿಸುವುದಿಲ್ಲ. ಕುರುಬರು ದಖನಿ ಕುರಿಯ ಒರಟು ಉಣ್ಣೆಯಿಂದ, ಹುಣಸೆ ಬೀಜದ ಅಂಟು ಹಾಕಿ, ಗುಂಡಿ ಮಗ್ಗದಲ್ಲಿ ನೇಯುವ ಕಂಬಳಿ ಮೊದಲು ಚುಚ್ಚುತ್ತದೆ, ಬಳಸುತ್ತಾ ಪಳಗುತ್ತದೆ. ಅದನ್ನು ಬಿಸಿನೀರಿಗೆ ಹಾಕಿ ಉಜ್ಜಬಾರದು: ಉಣ್ಣೆಯ ಎಳೆಯ ಮೇಲಿನ ಚಿಪ್ಪುಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ಸ್ವೆಟರನ್ನು ಒಗೆದ ಮೇಲೆ ಟವೆಲಿನಲ್ಲಿ ಸುರುಳಿ ಸುತ್ತಿ ನೀರು ತೆಗೆದು, ಚಾಪೆಯ ಮೇಲೆ ಮಲಗಿಸಿ ಒಣಗಿಸಿ. ತೂಗುಹಾಕಿದರೆ ಉದ್ದಕ್ಕೆ ಜೋತು ಬೀಳುತ್ತದೆ. ನುಸಿ ತಿನ್ನುವುದು ಬೆವರು, ಎಣ್ಣೆ ಹಿಡಿದ ಜಾಗವನ್ನು ಮೊದಲು. ಆದ್ದರಿಂದ ಕೊಳೆ ಸ್ವೆಟರನ್ನು ಎತ್ತಿಡಬೇಡಿ. ಬೇವಿನ ಎಲೆ, ಲಾವಂಚ, ಬಜೆಯ ಬೇರನ್ನು ಬಟ್ಟೆಯಲ್ಲಿ ಕಟ್ಟಿ ಇಡಬಹುದು, ಆದರೆ ಎರಡು ತಿಂಗಳಿಗೊಮ್ಮೆ ಕೊಡವಿ ಬಿಸಿಲು ತೋರಿಸುವುದಕ್ಕೆ ಅದು ಬದಲಿಯಲ್ಲ. ನುಸಿಗುಳಿಗೆ ಹಾಕಿದ ಬಟ್ಟೆಯನ್ನು ಹಸುಗೂಸಿಗೆ ಹೊದಿಸಬೇಡಿ.

ಎಂಟನೆಯ ಹಂತ: ದುರಸ್ತಿ

ಹರಿದ ದಿನವೇ ಹೊಲಿಯುವುದು ಅರ್ಧ ಕೆಲಸ. ಕಾಲಿಂಚಿನ ತೂತಿಗೆ ತೇಪೆ ಬೇಡ, ರಫು ಸಾಕು. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ತೆಗೆದು ಸಣ್ಣ ಸೂಜಿಗೆ ಪೋಣಿಸಿ. ತೂತಿನ ಕೆಳಗೆ ಸ್ಟೀಲ್ ಲೋಟದ ತಳವನ್ನು ಹಿಡಿದು, ತೂತಿನ ಅಂಚಿನಿಂದ ಅರ್ಧ ಇಂಚು ಆಚೆ ಗಟ್ಟಿ ಬಟ್ಟೆಯಿಂದ ಪ್ರಾರಂಭಿಸಿ, ಹಾಸಿನ ದಿಕ್ಕಿನಲ್ಲಿ ಒಂದರ ಪಕ್ಕದಲ್ಲೊಂದು ಎಳೆ ಹಾಯಿಸಿ. ಅದು ಮುಗಿದ ಮೇಲೆ ಹೊಕ್ಕಿನ ದಿಕ್ಕಿನಲ್ಲಿ, ಒಂದು ಎಳೆಯ ಮೇಲೆ, ಮುಂದಿನದರ ಕೆಳಗೆ, ಚಾಪೆ ಹೆಣೆದಂತೆ ಸೂಜಿ ದಾಟಿಸಿ. ಪ್ರತಿ ತಿರುವಿನಲ್ಲೂ ಕಾಣದಷ್ಟು ಸಣ್ಣ ಕುಣಿಕೆ ಬಿಡಿ. ಒಗೆದಾಗ ನೂಲು ಕುಗ್ಗಿದರೂ ಆ ಜಾಗ ಸುಕ್ಕಾಗುವುದಿಲ್ಲ. ಗಂಟು ಹಾಕುವ ಅಗತ್ಯವಿಲ್ಲ.

ಮಂಡಿ, ಮೊಣಕೈಗಳಿಗೆ ತೇಪೆಯೇ ಸರಿ. ಅದನ್ನು ಒಳಗಿನಿಂದ, ಬಟ್ಟೆಯ ಹಾಸಿನ ದಿಕ್ಕಿಗೆ ತೇಪೆಯ ಹಾಸು ಹೊಂದುವಂತೆ, ತೆಳುವಾದ ಭಾಗಕ್ಕಿಂತ ಒಂದು ಇಂಚು ದೊಡ್ಡದಾಗಿ ಹಾಕಿ.

ಕಾಲರಿನ ವಿಚಾರಕ್ಕೆ ಬರುತ್ತೇನೆ. ಒಳ್ಳೆಯ ಅಂಗಿಯಲ್ಲಿ ಮೊದಲು ಸವೆಯುವುದು ಕತ್ತಿಗೆ ಉಜ್ಜುವ ಮಡಿಕೆ. ಉಳಿದ ಭಾಗ ಇನ್ನೂ ಐದು ವರ್ಷ ಬರುವಂತಿರುತ್ತದೆ. ನಮ್ಮ ತಂದೆಯವರು ಅಂಗಿಯನ್ನು ದರ್ಜಿಗೆ ಕೊಟ್ಟು ಕಾಲರ್ ತಿರುಗಿಸಿಸುತ್ತಿದ್ದರು. ಕಾಲರಿನ ಎಲೆ, ಅಂದರೆ ಹೊರಕ್ಕೆ ಮಡಚುವ ಭಾಗ, ಕತ್ತುಪಟ್ಟಿಯನ್ನು ಸೇರುವ ಒಂದೇ ಸಾಲಿನ ಹೊಲಿಗೆಯನ್ನು ಬ್ಲೇಡಿನ ಮೂಲೆಯಿಂದ ಒಂದೊಂದಾಗಿ ಬಿಚ್ಚಿ, ಹಳೆಯ ದಾರದ ಚೂರುಗಳನ್ನು ಆರಿಸಿ ತೆಗೆದು, ಎಲೆಯನ್ನು ಮೇಲುಕೆಳಗು ಮಾಡಿ, ಮಧ್ಯದ ಗುರುತಿಗೆ ಗುಂಡುಸೂಜಿ ಚುಚ್ಚಿ, ಮತ್ತೆ ಅದೇ ಸಾಲಿನಲ್ಲಿ ಹೊಲಿಯುತ್ತಾರೆ. ಸವೆದ ಮುಖ ಒಳಗೆ ಹೋಗಿ ಹೊಸ ಮುಖ ಹೊರಗೆ ಬರುತ್ತದೆ. ಎರಡೂ ಪದರ ಒಂದೇ ಬಟ್ಟೆಯದಾಗಿರಬೇಕೆಂದು ಹೇಳಿದ್ದು ಇದಕ್ಕಾಗಿ. ಇದನ್ನು ಒಂದೇ ಸಲ ಮಾಡಲು ಸಾಧ್ಯ, ಮತ್ತು ತುದಿಗೆ ಗುಂಡಿ ಹಾಕುವ ಕಾಲರಿಗೆ ಹೊಂದುವುದಿಲ್ಲ. ಈಗಿನ ಕೆಲವು ಯುವ ದರ್ಜಿಗಳಿಗೆ ಇದನ್ನು ವಿವರಿಸಬೇಕಾಗುತ್ತದೆ. ಒಮ್ಮೆ ತೋರಿಸಿದರೆ ಸಂತೋಷದಿಂದ ಮಾಡಿಕೊಡುತ್ತಾರೆ.

ಒಂಬತ್ತನೆಯ ಹಂತ: ಕೊನೆಯ ಬಳಕೆ

ದುರಸ್ತಿಗೆ ಬಾರದ ಹತ್ತಿ ಸೀರೆ, ಪಂಚೆಗಳು ಕೌದಿಯ ಪದರಗಳಾಗುತ್ತವೆ, ಮಗುವಿನ ಲಂಗೋಟಿಯಾಗುತ್ತವೆ, ಕೊನೆಗೆ ಒರೆಸುವ ಬಟ್ಟೆಯಾಗುತ್ತವೆ. ಪಾಲಿಯೆಸ್ಟರ್ ನೀರು ಹೀರದ ಕಾರಣ ಒರೆಸಲೂ ಬಾರದು, ಮಣ್ಣಿನಲ್ಲೂ ಕರಗದು. ಕೊಳ್ಳುವಾಗಲೇ ಈ ಕೊನೆಯನ್ನು ನೆನೆಯಬೇಕು. ನನ್ನ ಚುಕ್ಕೆಯ ಸೀರೆಯ ಮಧ್ಯದ ಎರಡು ಗಜ ಕೆಟ್ಟಿರಲಿಲ್ಲ. ಅದು ದಿಂಬಿನ ಚೀಲಗಳಾಯಿತು, ಉಳಿದದ್ದು ಕೌದಿಯ ಒಳಪದರಕ್ಕೆ ಹೋಯಿತು. ಅಂಗಿಯನ್ನು ಒರೆಸುವ ಬಟ್ಟೆ ಮಾಡುವ ಮೊದಲು ಗುಂಡಿಗಳನ್ನೆಲ್ಲ ಕತ್ತರಿಸಿ, ಒಂದು ಅಂಗಿಯ ಗುಂಡಿಗಳನ್ನು ಒಂದೇ ದಾರಕ್ಕೆ ಪೋಣಿಸಿ ಡಬ್ಬಿಯಲ್ಲಿಡಿ. ಜಿಪ್, ಕೊಕ್ಕೆಗಳನ್ನೂ ಬಿಡಿಸಿಕೊಳ್ಳಿ, ಮತ್ತು ಕಾಲರಿನ ಕೆಳಪದರ ಗಟ್ಟಿಯಿದ್ದರೆ ಅದನ್ನು ಬಿಚ್ಚಿ ಇಸ್ತ್ರಿ ಮಾಡಿ ತೇಪೆಯ ಚೀಲಕ್ಕೆ ಸೇರಿಸಿ.